ಬಿಸಿಲಿಗೆ ಹಾಕುವ ಹೊತ್ತು: ಪವಾರಣಾ ಪೂರ್ಣಿಮೆಗೊಂದು ಚಿಂತನೆ

*ಇಂದಿನ ಧಮ್ಮ ಚಿಂತನೆ*

ನಮ್ಮ ಲಿಂಗದಹಳ್ಳಿಯಲ್ಲಿ ಮಳೆ ಬಿಟ್ಟು ನಾಲ್ಕು ದಿನವಾಯಿತು. ಜೂನ್ ತಿಂಗಳಿಂದ ಬಾಬಾಬುಡನ್ ಗಿರಿ ಸಾಲಿನ ಮೇಲೆ ಕೂತಿದ್ದ ಮೋಡ ಎದ್ದು ಹೋಗಿದೆ. ಬೆಳಗ್ಗೆ ಎದ್ದರೆ ಕೆಮ್ಮಣ್ಣುಗುಂಡಿ ಕಡೆಯ ಬೆಟ್ಟ ನೆತ್ತಿವರೆಗೆ ಕಾಣುತ್ತಿದೆ. ಹಸ್ತೆ ಮಳೆ ಮುಗಿಯಿತು, ಚಿತ್ತೆ ಇನ್ನೂ ಬಾಕಿ ಇದೆ, ಸ್ವಾತಿಯೂ ಇದೆ. ಆದರೂ ಈ ಬಿಸಿಲು ಸಿಕ್ಕಿದಾಗ ಯಾರೂ ಸುಮ್ಮನೆ ಕೂರುವುದಿಲ್ಲ. ಕೇರಿಯ ಎಲ್ಲ ಮನೆಗಳ ಮುಂದೆಯೂ ಕಂಬಳಿ, ರಗ್ಗು, ದಿಂಬು, ಚಾಪೆ ಬಿಸಿಲಿಗೆ ಬಿದ್ದಿವೆ. ಗೋಡೆಯ ಬೂಷ್ಟು ಒರೆಸುವವರು ಒರೆಸುತ್ತಿದ್ದಾರೆ. ರಾಗಿ ಡಬ್ಬ, ಬೇಳೆ ಡಬ್ಬ ಖಾಲಿ ಮಾಡಿ ಹುಳ ನೋಡುತ್ತಿದ್ದಾರೆ. ತೋಟ ಇದ್ದವರು ಅಡಿಕೆ ಒಣಗಿಸುವ ಕಣ ಕೆತ್ತಿಸುತ್ತಿದ್ದಾರೆ. ತೋಟ ಇಲ್ಲದವರು ಸುಲಿಯುವ ಕೂಲಿಗೆ ಕತ್ತಿ ಹರಿತ ಮಾಡಿಕೊಳ್ಳುತ್ತಿದ್ದಾರೆ.

ಹೋದ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ಒಬ್ಬ ಹುಡುಗ ಒಂದು ಪ್ರಶ್ನೆ ಕೇಳಿದ. "ಸರ್, ಆಶ್ವಯುಜ ಹುಣ್ಣಿಮೆಗೆ ವರ್ಷಾವಾಸ ಮುಗಿಯುತ್ತೆ, ಪವಾರಣೆ ಮಾಡ್ತಾರೆ ಅಂತೀರಿ. ಅದೆಲ್ಲ ವಿಹಾರದಲ್ಲಿರೋ ಭಂತೇಜಿಗಳಿಗೆ. ಅಡಿಕೆ ಸುಲಿಯೋರಿಗೆ, ರಾಗಿ ಕಾಯೋರಿಗೆ ಅದರಲ್ಲಿ ಏನಿದೆ?"

ಒಳ್ಳೆಯ ಪ್ರಶ್ನೆ. ಅಲ್ಲಿ ನಾನು ಪುಸ್ತಕದ ಉತ್ತರ ಕೊಟ್ಟೆ. ಮನೆಗೆ ಬಂದ ಮೇಲೆ ಅದು ಸಾಲದು ಅನ್ನಿಸಿತು. ನನ್ನ ಮನೆಯಲ್ಲೇ ನಡೆದದ್ದನ್ನು ಹೇಳಬೇಕಿತ್ತು. ಅದಕ್ಕೇ ಇವತ್ತಿನ ಚಿಂತನೆ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡಿಕೊಂಡು ಓದಿ.

*ರೈತರ ದೂರಿನಿಂದ ಶುರುವಾದ ವರ್ಷಾವಾಸ*

ಮೊದಲು ವಿನಯಪಿಟಕ ಏನು ಹೇಳುತ್ತದೆ ನೋಡೋಣ. ವರ್ಷಾವಾಸ ಮೊದಲಿನಿಂದ ಇರಲಿಲ್ಲ. ಭಿಕ್ಖುಗಳು ಮಳೆಗಾಲದಲ್ಲೂ ಊರೂರು ತಿರುಗುತ್ತಿದ್ದರು. ಆಗ ಜನ ಗೊಣಗಿದರು. "ಇವರು ಹಸಿರು ಪೈರು ತುಳಿಯುತ್ತಾರೆ, ಸಣ್ಣಪುಟ್ಟ ಜೀವಗಳನ್ನು ಸಾಯಿಸುತ್ತಾರೆ, ಹಕ್ಕಿಗಳೂ ಮಳೆಗಾಲದಲ್ಲಿ ಗೂಡು ಮಾಡಿಕೊಂಡು ಇರುತ್ತವಲ್ಲ" ಎಂಬುದು ಅವರ ದೂರು. ಬುದ್ಧರು ಆ ದೂರನ್ನು ತಳ್ಳಿ ಹಾಕಲಿಲ್ಲ. ಮೂರು ತಿಂಗಳು ಒಂದೇ ಕಡೆ ಇರಿ ಎಂದು ನಿಯಮ ಮಾಡಿದರು. ಹೊಲದಲ್ಲಿ ದುಡಿಯುವ ಸಾಮಾನ್ಯ ಜನ ಆಡಿದ ಮಾತಿನಿಂದ ಸಂಘದ ನಿಯಮವೇ ಬದಲಾಯಿತು. ಇದನ್ನು ನೆನಪಿಡಿ.

ಆ ಮೂರು ತಿಂಗಳ ಕೊನೆಯಲ್ಲಿ ಬರುವುದು ಪವಾರಣೆ. ಅದು ಹುಟ್ಟಿದ ಸಂದರ್ಭ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಕೋಸಲ ದೇಶದಲ್ಲಿ ಕೆಲವು ಭಿಕ್ಖುಗಳು ಒಟ್ಟಿಗೆ ವರ್ಷಾವಾಸ ಕೂತರು. ಜಗಳ ಬರಬಾರದು, ನೆಮ್ಮದಿಯಾಗಿ ಇರಬೇಕು ಎಂದು ಅವರು ಒಂದು ಉಪಾಯ ಮಾಡಿಕೊಂಡರು. ಮೂರು ತಿಂಗಳು ಯಾರೂ ಯಾರ ಹತ್ತಿರವೂ ಮಾತಾಡಬಾರದು. ಮೊದಲು ಬಂದವನು ಆಸನ ಹಾಸುವುದು, ನೀರಿಡುವುದು. ಕೊನೆಗೆ ಬಂದವನು ಉಳಿದದ್ದು ಉಂಡು ಗುಡಿಸುವುದು. ಏನಾದರೂ ಬೇಕಾದರೆ ಕೈಸನ್ನೆ. ಹಾಗೇ ಕಳೆದರು. ಆಮೇಲೆ ಶ್ರಾವಸ್ತಿಯ ಜೇತವನಕ್ಕೆ ಬಂದು, "ನಾವು ಬಹಳ ಸಾಮರಸ್ಯದಿಂದ ಇದ್ದೆವು" ಎಂದು ಹೇಳಿಕೊಂಡರು.

ಬುದ್ಧರು ಮೆಚ್ಚಲಿಲ್ಲ. ದನಗಳು, ಕುರಿಗಳು ಒಟ್ಟಿಗೆ ಇದ್ದ ಹಾಗೆ ಇದ್ದು ಬಂದು ಸುಖವಾಗಿದ್ದೆವು ಅನ್ನುತ್ತಿದ್ದಾರೆ ಎಂದು ಆಕ್ಷೇಪ ಮಾಡಿದರು. ಆಮೇಲೆ ಪವಾರಣೆಯ ಕ್ರಮ ಹೇಳಿಕೊಟ್ಟರು. ವರ್ಷಾವಾಸ ಮುಗಿದ ದಿನ ಪ್ರತಿಯೊಬ್ಬರೂ ಸಂಘದ ಮುಂದೆ ಕೈಜೋಡಿಸಿ ಕೇಳಬೇಕು. ನನ್ನಲ್ಲಿ ನೀವು ಕಂಡ ತಪ್ಪು, ಕೇಳಿದ ತಪ್ಪು, ಅನುಮಾನ ಬಂದ ತಪ್ಪು ಯಾವುದಿದ್ದರೂ ಕರುಣೆಯಿಟ್ಟು ಹೇಳಿ, ತಿಳಿದರೆ ತಿದ್ದಿಕೊಳ್ಳುತ್ತೇನೆ, ಎಂದು. ಮೊದಲು ಕೇಳುವವರು ಹಿರಿಯರು. ಕಿರಿಯರ ಸರದಿ ಆಮೇಲೆ. ಸಂಯುತ್ತ ನಿಕಾಯದ ಪ್ರಕಾರ ಒಂದು ಪವಾರಣೆಯ ದಿನ ಬುದ್ಧರೇ ಐನೂರು ಭಿಕ್ಖುಗಳ ಮುಂದೆ ತಮ್ಮ ನಡೆನುಡಿಯಲ್ಲಿ ದೋಷ ಕಂಡಿದ್ದರೆ ಹೇಳಿ ಎಂದು ಕೇಳಿದ್ದಾರೆ.

ಮಾತಿಲ್ಲದ್ದು ಶಾಂತಿ ಅಲ್ಲ. ಇದು ಈ ಕಥೆಯ ಸಾರ. ನನಗೆ ಅದು ಅರ್ಥವಾಗಲು ಮೂರು ವರ್ಷ ಬೇಕಾಯಿತು.

*ನಮ್ಮ ಮನೆಯ ಮೂರು ವರ್ಷದ ಮೌನ*

ನಾನು, ನನ್ನ ಹೆಂಡತಿ ದೀಕ್ಷೆ ತಗೊಂಡದ್ದು 2019ರ ಅಶೋಕ ವಿಜಯದಶಮಿಯಂದು. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ದೀಕ್ಷೆ ತಗೊಂಡ ದಿನವೂ ವಿಜಯದಶಮಿಯೇ. ಇಪ್ಪತ್ತೆರಡು ಪ್ರತಿಜ್ಞೆಗಳನ್ನು ಗಟ್ಟಿಯಾಗಿ ಹೇಳಿ ಮನೆಗೆ ಬಂದೆ. ಮೈಯಲ್ಲಿ ಹೊಸ ಹುರುಪು. ಅವ್ವ ದೀಕ್ಷೆಗೆ ಬಂದಿರಲಿಲ್ಲ. ಬೇಡ ಅಂತಲೂ ಅಂದಿರಲಿಲ್ಲ.

ವಿಜಯದಶಮಿಯಾದ ಐದು ದಿನಕ್ಕೆ ಹುಣ್ಣಿಮೆ. ನಮ್ಮ ಕಡೆ ಅದು ಭೂಮಿ ಹುಣ್ಣಿಮೆ. ಬಯಲುಸೀಮೆಯ, ಕಲ್ಯಾಣ ಕರ್ನಾಟಕದ ಬಂಧುಗಳಿಗೆ ಶೀಗಿ ಹುಣ್ಣಿಮೆ, ಚರಗ ಚೆಲ್ಲುವುದು ಅಂದರೆ ಗೊತ್ತಾಗುತ್ತದೆ. ತೆನೆ ಬಿಡುವ ಕಾಲದ ಹೊಲವನ್ನು ಬಸುರಿ ಹೆಂಗಸಿನ ಹಾಗೆ ಕಂಡು, ಅವಳಿಗೆ ಬಯಕೆ ಊಟ ಕೊಡುವ ಹಬ್ಬ. ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾರೆ. ರಾತ್ರಿಯೆಲ್ಲ ಎದ್ದು ಬೆರಕೆ ಸೊಪ್ಪು, ಕಡುಬು ಮಾಡುತ್ತಾರೆ. ಬೆಳಕು ಹರಿಯುವ ಮೊದಲು ಹೊಲಕ್ಕೆ ಹೋಗಿ ಬೀರುತ್ತಾರೆ.

ಅವ್ವ ಎಂದಿನಂತೆ ಹಿಂದಿನ ದಿನ ಬುಟ್ಟಿಗೆ ಬಣ್ಣ ಬಳಿದು ಜಗಲಿ ಮೇಲೆ ಒಣಗಲು ಇಟ್ಟಿದ್ದಳು. ನಾನು ನೋಡಿದೆ. "ಮಣ್ಣಿಗೆ ಊಟ ಹಾಕೋದು ಮೌಢ್ಯ. ಇನ್ನು ಮೇಲೆ ಈ ಮನೇಲಿ ಇದೆಲ್ಲ ನಡೆಯಲ್ಲ" ಅಂದೆ. ಅಷ್ಟಕ್ಕೇ ನಿಲ್ಲಲಿಲ್ಲ. ಬುಟ್ಟಿಯನ್ನು ಎತ್ತಿಕೊಂಡು ಹೋಗಿ ಅಟ್ಟದ ಮೇಲೆ ಸೌದೆಯ ಹಿಂದೆ ಎಸೆದೆ. ಬಣ್ಣ ಇನ್ನೂ ಹಸಿ ಇತ್ತು. ನನ್ನ ಅಂಗೈ ಕೆಂಪಾಯಿತು. ತೊಳೆದುಕೊಂಡೆ.

ಅವ್ವ ಏನೂ ಅನ್ನಲಿಲ್ಲ. ಸಂಜೆ ಎಂದಿನಂತೆ ಮುದ್ದೆ ತಿರುವಿ ಬಡಿಸಿದಳು. ಮುಂದಿನ ವರ್ಷ ಬುಟ್ಟಿ ತೆಗೆಯಲೇ ಇಲ್ಲ. ಅದರ ಮುಂದಿನ ವರ್ಷವೂ ಇಲ್ಲ. ನಾನು ಬಳಗದಲ್ಲಿ ಹೆಮ್ಮೆಯಿಂದ ಹೇಳಿಕೊಂಡೆ, "ನಮ್ಮ ಮನೆಯಲ್ಲಿ ಹಳೆ ಆಚರಣೆ ಎಲ್ಲ ನಿಂತು ಹೋಗಿದೆ, ಯಾರ ವಿರೋಧವೂ ಇಲ್ಲ" ಎಂದು. ಕೋಸಲದ ಭಿಕ್ಖುಗಳ ಹಾಗೇ.

2022ರ ಅಕ್ಟೋಬರ್ 9, ಭಾನುವಾರ, ಆಶ್ವಯುಜ ಹುಣ್ಣಿಮೆ. ಬಳಗದಲ್ಲಿ ಆ ದಿನ ಪವಾರಣೆಯ ಭಾಗ ಓದುವ ಸರದಿ ನನ್ನದು. ಮಾತು ಬಿಟ್ಟು ಕೂತ ಭಿಕ್ಖುಗಳ ಕಥೆಯನ್ನು ಗಟ್ಟಿಯಾಗಿ ಓದುತ್ತಾ ಹೋದೆ. ಕುರಿಗಳ ಹಾಗೆ ಎಂಬಲ್ಲಿಗೆ ಬಂದಾಗ ನನ್ನ ದನಿ ನಿಂತಿತು. ಪಕ್ಕದವರು ನೀರು ಬೇಕಾ ಅಂದರು. ನೀರು ಬೇಕಿರಲಿಲ್ಲ.

*ಕೇಳಿದೆ, ಹೇಳಿದರು*

ಮನೆಗೆ ಬಂದಾಗ ಅವ್ವ ಜಗಲಿ ಮೇಲೆ ಕೂತು ಬಿಸಿಲಿಗೆ ಹಾಕಿದ್ದ ಕಂಬಳಿ ಮಡಚುತ್ತಿದ್ದಳು. ನಾನು ಕೆಳಗೆ ಕೂತೆ. ಹೇಗೆ ಶುರು ಮಾಡುವುದು ಗೊತ್ತಾಗಲಿಲ್ಲ. ಪಾಳಿ ಶಬ್ದ ಹೇಳಿದರೆ ಅವ್ವನಿಗೆ ಏನು ತಿಳಿಯಬೇಕು?

"ಅವ್ವ, ನನ್ನಿಂದ ನಿನಗೆ ಏನು ನೋವಾಗಿದೆ, ಹೇಳು. ನಾನು ಎದುರು ಮಾತಾಡಲ್ಲ" ಅಂದೆ.

"ಏನಾತು ನಿಂಗೆ? ಹುಷಾರಿಲ್ವಾ?" ಅಂದಳು.

"ಹುಷಾರಾಗಿದೀನಿ. ಹೇಳು."

ಸುಮಾರು ಹೊತ್ತು ಕಂಬಳಿ ಕೊಡವುತ್ತಾ ಇದ್ದಳು. ಆಮೇಲೆ ಹೇಳಿದಳು. "ಬುಟ್ಟಿ ಬಿಸಾಕಿದೆಯಲ್ಲ ಮಗ, ಅದ್ಯಾಕೆ ಹೋಗ್ತಿದ್ದೆ ಅಂತ ಒಂದ್ ಮಾತು ಕೇಳಿದೆಯಾ ನೀನು? ನಿನ್ನ ಹೊತ್ತಾಗ ಏಳು ತಿಂಗಳು. ಸಾವುಕಾರರ ಮನೆ ಕಣದಲ್ಲಿ ರಾತ್ರಿ ಹತ್ತರ ತನಕ ಅಡಿಕೆ ಸುಲೀತಿದ್ದೆ. ನಂಗೆ ಬಯಕೆ ಊಟ ಅಂತ ಒಂದು ತುತ್ತು ಹಾಕ್ದೋರು ಯಾರೂ ಇಲ್ಲ. ನಿಮ್ಮಪ್ಪನ ಕೂಲಿ ಸಾಲಕ್ಕೆ ಹೋಗೋದು. ಆಮೇಲೆ ನಮ್ಮದೇ ಅಂತ ಒಂದೆಕರೆ ಹೊಲ ಆಯ್ತಲ್ಲ, ತೆನೆ ಬಿಟ್ಟ ರಾಗಿ ನೋಡಿದ್ರೆ ನನ್ನೇ ನಾನು ಕಂಡಂಗಾಗೋದು. ಅದಕ್ಕೆ ಹಾಕ್ತಿದ್ದೆ. ದೇವರು ಅಂತ ಅಲ್ಲ."

ನಾನು ಎದುರು ಮಾತಾಡಲ್ಲ ಅಂದಿದ್ದೆ. ಆಡಲು ಮಾತೂ ಇರಲಿಲ್ಲ.

ಒಳಗಿನಿಂದ ಹೆಂಡತಿ ಕೇಳಿಸಿಕೊಳ್ಳುತ್ತಿದ್ದಳು. ಅವಳನ್ನೂ ಕರೆದು ಕೇಳಿದೆ. ಮೊದಲ ಸಲ ನಕ್ಕು ಸುಮ್ಮನಾದಳು. ಎರಡನೇ ಸಲ ಕೇಳಿದಾಗ ಹೇಳಿದಳು. "ದೀಕ್ಷೆ ತಗೊಂಡಿದ್ದು ಇಬ್ಬರೂ. ಭಾನುವಾರ ಓದೋಕೆ ಹೋಗೋದು ನೀವೊಬ್ಬರೇ. ಆ ಭಾನುವಾರದ ಕಸ, ಬಟ್ಟೆ, ಕಂಬಳಿ ಎಲ್ಲ ನಂದು. ಸಮಾನತೆ ಬಗ್ಗೆ ನೀವು ಭಾಷಣ ಮಾಡಿದ್ದನ್ನ ಗ್ರೂಪಲ್ಲಿ ವಿಡಿಯೋ ನೋಡಿ ತಿಳ್ಕೊಂಡೆ. ಅವತ್ತು ನಾನು ಅಟ್ಟದ ಜೇಡ ತೆಗೀತಿದ್ದೆ."

ಬಂಧುಗಳೇ, ಒಂದೇ ಮಧ್ಯಾಹ್ನ, ಎರಡು ಮಾತು. ಒಂದು ಕಂಡ ತಪ್ಪು, ಇನ್ನೊಂದು ಕೇಳಿದ ತಪ್ಪು. ಎರಡನ್ನೂ ಮನೆಯ ಹೆಂಗಸರು ವರ್ಷಗಟ್ಟಲೆ ನುಂಗಿಕೊಂಡಿದ್ದರು. ಆ ಎರಡು ಮಾತಿನ ಮೇಲೆ ಸ್ವಲ್ಪ ವಿಚಾರ ಮಾಡೋಣ.

*ಗುಡಿಸುವುದು ಧ್ಯಾನವೇ?*

ಹೆಂಡತಿಯ ಮಾತು ಮೊದಲು ತಗೊಳ್ಳೋಣ. ಈಚೆಗೆ ಕೆಲವು ಬರಹ ಬರುತ್ತವೆ. ಕಸ ಗುಡಿಸುವುದೂ ಧ್ಯಾನ, ಪಾತ್ರೆ ತೊಳೆಯುವುದೂ ಧ್ಯಾನ ಎಂದು. ಮಾತು ಸುಳ್ಳಲ್ಲ. ಎಚ್ಚರದಿಂದ ಮಾಡಿದ ಯಾವ ಕೆಲಸವೂ ಸತಿಯ ಅಭ್ಯಾಸವೇ. ಆದರೆ ನಮ್ಮ ಜನ ಈ ಮಾತನ್ನು ಒಂದು ಸಲ ತೂಗಿ ನೋಡಬೇಕು. ತಲೆತಲಾಂತರದಿಂದ ಗುಡಿಸಿದವರು ನಾವು. ಇನ್ನೊಬ್ಬರ ಕಣ ಸಾರಿಸಿದವರು, ಕಣದ ಅಂಚಿಗೆ ಉದುರಿದ ಕಾಳು ಆಯ್ದುಕೊಂಡು ಬಂದವರು ನಮ್ಮ ಅಜ್ಜ ಅಜ್ಜಿ. ತೋಟಿ, ತಳವಾರಿಕೆಯಂಥ ವಂಶಪಾರಂಪರ್ಯದ ಊರ ಚಾಕರಿ ನಮ್ಮ ರಾಜ್ಯದಲ್ಲಿ ಕಾನೂನಿನಿಂದ ರದ್ದಾದದ್ದು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯಿಂದ. ಮುಂಬಯಿ ಪ್ರಾಂತ್ಯದಲ್ಲಿ ಮಹಾರ್ ವತನದ ವಿರುದ್ಧ ಬಾಬಾಸಾಹೇಬರು 1928ರಲ್ಲೇ ಮಸೂದೆ ಮಂಡಿಸಿದ್ದರು. ಅಂಥ ಚಾಕರಿ ಮಾಡಿದ ಜನಕ್ಕೆ ಯಾರಾದರೂ ಬಂದು "ನಿಮ್ಮ ಕೆಲಸವೇ ಧ್ಯಾನ, ಅದನ್ನೇ ಮಾಡಿಕೊಂಡಿರಿ" ಅಂದರೆ ಅದು ಧಮ್ಮ ಅಲ್ಲ, ಹಳೆಯ ಮೋಸದ ಹೊಸ ಮಾತು.

ಬುದ್ಧರು ಹಾಗೆ ಅನ್ನಲಿಲ್ಲ. ರಾಜಗೃಹದ ಬೀದಿ ಗುಡಿಸುತ್ತಿದ್ದ ಸುನೀತನ ಕಥೆ ನಿಮಗೆಲ್ಲ ಗೊತ್ತು. ಬಾಬಾಸಾಹೇಬರೂ ಅದನ್ನು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಹೇಳಿದ್ದಾರೆ. ಬುದ್ಧರು ಸುನೀತನಿಗೆ ಪೊರಕೆಯ ಮಹಿಮೆ ಹೇಳಲಿಲ್ಲ. ಸಂಘಕ್ಕೆ ಬಾ ಎಂದು ಕರೆದರು.

ಹಾಗಾದರೆ ಸಂಘದಲ್ಲಿ ಯಾರು ಗುಡಿಸಿದರು? ಇಲ್ಲಿ ವಿನಯದ ಚುಲ್ಲವಗ್ಗ ನೋಡಿ. ವಸತಿಯನ್ನು ಇಟ್ಟುಕೊಳ್ಳುವ ರೀತಿಯನ್ನು ಅಲ್ಲಿ ಎಷ್ಟು ವಿವರವಾಗಿ ಹೇಳಿದೆ ಅಂದರೆ ನಮ್ಮ ಅವ್ವಂದಿರು ಬರೆದ ಹಾಗಿದೆ. ಮೊದಲು ಹಾಸಿಗೆ, ದಿಂಬು, ಚಾಪೆ ಹೊರಗೆ ತರಬೇಕು. ಮಂಚವನ್ನು ಬಾಗಿಲಿಗೆ ತಾಗದ ಹಾಗೆ ಬಗ್ಗಿಸಿ ತರಬೇಕು. ಜೇಡರ ಬಲೆ ಇದ್ದರೆ ಅದನ್ನು ಮೊದಲು ತೆಗೆಯಬೇಕು. ಕೆಮ್ಮಣ್ಣು ಬಳಿದ ಗೋಡೆಗೆ ಬೂಷ್ಟು ಬಂದಿದ್ದರೆ ಬಟ್ಟೆ ನೆನೆಸಿ ಹಿಂಡಿ ಒರೆಸಬೇಕು. ಹಾಸಿಗೆಯನ್ನು ಬಿಸಿಲಿಗೆ ಹಾಕಿ, ಕೊಡವಿ, ಮತ್ತೆ ಇದ್ದ ಜಾಗದಲ್ಲೇ ಇಡಬೇಕು. ಇದನ್ನು ಮಾಡಬೇಕಾದವರು ಯಾರು? ಆಳುಗಳಲ್ಲ, ಒಂದು ಜಾತಿಯವರಲ್ಲ, ಅಲ್ಲಿ ವಾಸ ಮಾಡುವ ಭಿಕ್ಖುವೇ. ಶಾಕ್ಯ ರಾಜಕುಮಾರನಾಗಿದ್ದವನೂ ಅಷ್ಟೆ, ಕ್ಷೌರಿಕನಾಗಿದ್ದ ಉಪಾಲಿಯೂ ಅಷ್ಟೆ. ಭೇದಿಯಾಗಿ ಮಲದಲ್ಲೇ ಬಿದ್ದಿದ್ದ ಒಬ್ಬ ಭಿಕ್ಖುವನ್ನು ಬುದ್ಧರೇ ಆನಂದರ ಜೊತೆ ಸೇರಿ ತೊಳೆದು ಮಲಗಿಸಿದ್ದು ಕೂಡ ವಿನಯದಲ್ಲೇ ಇದೆ.

ಜಾತಿ ಅಂದರೆ ಬರೀ ಕೆಲಸದ ಹಂಚಿಕೆ ಅಲ್ಲ, ಕೆಲಸಗಾರರನ್ನೇ ಮೇಲು ಕೀಳೆಂದು ಒಡೆಯುವುದು ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ವಾದಿಸಿದರು. ಅದೇ ಅಳತೆಯನ್ನು ನಮ್ಮ ಮನೆಗೆ ಹಿಡಿದು ನೋಡಿ. ಹುಟ್ಟಿನಿಂದ ಹೆಣ್ಣು ಎಂಬ ಒಂದೇ ಕಾರಣಕ್ಕೆ ಕಸ ಅವಳದು, ಪುಸ್ತಕ ನನ್ನದು ಅಂದರೆ ನಾನು ಮನೆಯೊಳಗೆ ಒಂದು ಕೇರಿ ಕಟ್ಟಿದ ಹಾಗೆ. ಹಿಂದೂ ಕೋಡ್ ಬಿಲ್ ನೆನೆಗುದಿಗೆ ಬಿದ್ದಾಗ 1951ರಲ್ಲಿ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟವರ ಹೆಸರು ಹೇಳಿಕೊಂಡು ಬದುಕುವವನಿಗೆ ಇದು ಒಪ್ಪುವುದಿಲ್ಲ.

ಆದ್ದರಿಂದ ಕೆಲಸ ತನ್ನಷ್ಟಕ್ಕೆ ಪವಿತ್ರವೂ ಅಲ್ಲ, ಹೊಲಸೂ ಅಲ್ಲ. ಒಬ್ಬರ ತಲೆ ಮೇಲೆ ಹೊರಿಸಿದರೆ ಅದು ಚಾಕರಿ. ಎಲ್ಲರೂ ಹಂಚಿಕೊಂಡರೆ ಅದೇ ಧಮ್ಮ. ಈಗ ನಮ್ಮ ಮನೆಯಲ್ಲಿ ಅಟ್ಟದ ಜೇಡ ತೆಗೆಯುವುದು, ಕಂಬಳಿ ಕೊಡವುವುದು ನನ್ನ ಪಾಲಿನ ಕೆಲಸ. ಭಾನುವಾರದ ಓದಿಗೆ ಹೆಂಡತಿ ಹೋಗುತ್ತಾಳೆ, ನಾನೂ ಹೋಗುತ್ತೇನೆ. ಮೊದಲ ವರ್ಷ ನಾನು ಮಡಚಿದ ಕಂಬಳಿ ನೋಡಿ ಅವ್ವ ನಕ್ಕು ಮತ್ತೆ ಬಿಚ್ಚಿ ಮಡಚಿದಳು. ಕಲಿಯುತ್ತಿದ್ದೇನೆ.

*ಬುಟ್ಟಿ ಏನಾಯಿತು?*

ಇನ್ನು ಅವ್ವನ ಮಾತು. ಇಲ್ಲಿ ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಪೂಜೆಗೆ ನಾವು ಮರಳಲಿಲ್ಲ. ಪ್ರತಿಜ್ಞೆ ಪ್ರತಿಜ್ಞೆಯೇ. ಅದರಲ್ಲಿ ರಾಜಿ ಇಲ್ಲ. ಆಯುಧ ಪೂಜೆ ಮಾಡುವುದಿಲ್ಲ, ಮಹಾಲಯ ಅಮಾವಾಸ್ಯೆಗೆ ಎಡೆ ಇಡುವುದಿಲ್ಲ. ನನ್ನ ತಪ್ಪು ಪೂಜೆ ಬೇಡ ಅಂದದ್ದರಲ್ಲಿ ಇರಲಿಲ್ಲ. ಆ ಬುಟ್ಟಿಯಲ್ಲಿ ಏನಿದೆ ಎಂದು ಕೇಳದೆ ಎಸೆದದ್ದರಲ್ಲಿ ಇತ್ತು. ಬಂದು ನೋಡು, ವಿಚಾರಿಸು ಎನ್ನುವ ಧಮ್ಮ ಇದು. ನಾನು ನೋಡಲೂ ಇಲ್ಲ, ವಿಚಾರಿಸಲೂ ಇಲ್ಲ. ಹೆತ್ತ ತಾಯಿಯ ಹಸಿವಿನ ನೆನಪನ್ನು ಮೌಢ್ಯ ಅಂದುಬಿಟ್ಟೆ.

ಆ ಸಂಜೆ ಅವ್ವನನ್ನೇ ಕೇಳಿದೆ. "ಮತ್ತೆ ಏನು ಮಾಡೋಣ?"

ಅವಳು ಹೇಳಿದಳು. "ಪೂಜೆ ಬೇಡ ಬಿಡು. ನಿನ್ನ ಮಾತು ನಂಗೂ ಗೊತ್ತಾಗುತ್ತೆ. ನನ್ ಜೊತೆ ಹೊಲಕ್ಕೆ ಬಾ, ಸಾಕು."

ಮಾರನೇ ದಿನ ಬೆಳಕು ಹರಿಯುವ ಮೊದಲು ಮೂವರೂ ಹೊಲಕ್ಕೆ ಹೋದೆವು. ಮಂಜು ಇತ್ತು. ರಾಗಿ ತೆನೆ ಬಗ್ಗಿ ನೀರು ತೊಟ್ಟಿಕ್ಕುತ್ತಿತ್ತು. ಬದುವಿನ ಮೇಲೆ ಕೂತು ಬೆರಕೆ ಸೊಪ್ಪಿನ ಪಲ್ಯ, ಕಡುಬು ತಿಂದೆವು. ಅವ್ವನಿಗೆ ಮೊದಲ ತುತ್ತು ಕೊಟ್ಟದ್ದು ನನ್ನ ಹೆಂಡತಿ. ಬಯಕೆ ಊಟ ಅಂತ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಅವ್ವನಿಗೆ ಗೊತ್ತಾಯಿತು.

ಈಗ ನಮ್ಮ ಮನೆಯಲ್ಲಿ ಒಂದು ಹೊಸ ರೂಢಿ ಆಗಿದೆ. ಆ ಹುಣ್ಣಿಮೆಗೆ ಕೇರಿಯಲ್ಲಿ ಬಸುರಿ ಹೆಂಗಸರು ಯಾರಿದ್ದರೂ, ಯಾವ ಮನೆಯವರಾದರೂ, ಅವರಿಗೆ ಊಟ ಕೊಡುತ್ತೇವೆ. ಅವ್ವ ಆ ಕೆಂಪು ಬುಟ್ಟಿಯನ್ನೇ ಅಟ್ಟದಿಂದ ಇಳಿಸಿ, ತೊಳೆದು, ಅದರಲ್ಲೇ ಕಡುಬು ಕೊಂಡೊಯ್ಯುತ್ತಾಳೆ. ಮಣ್ಣಿಗೆ ಹಾಕುತ್ತಿದ್ದ ಅನ್ನ ಈಗ ಹೊಟ್ಟೆಗೆ ಹೋಗುತ್ತಿದೆ. ದಾನ ಪಾರಮಿಯನ್ನು ನನಗೆ ಅರ್ಥ ಮಾಡಿಸಿದ್ದು ಪುಸ್ತಕಕ್ಕಿಂತ ಹೆಚ್ಚು ಆ ಬುಟ್ಟಿ.

*ಕೊಳೆ ರೋಗದ ಪಾಠ*

ಪ್ರಶ್ನೆ ಕೇಳಿದ ಹುಡುಗ ಅಡಿಕೆ ತೋಟದಲ್ಲಿ ಕೆಲಸ ಮಾಡುವವನು. ಅವನಿಗೆ ಗೊತ್ತಿರುವ ಮಾತಿನಲ್ಲೇ ಹೇಳುತ್ತೇನೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಬರುತ್ತದೆ. ಸುಣ್ಣ, ಮೈಲುತುತ್ತ ಕಲಸಿದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ನೂರು ಲೀಟರ್ ನೀರಿಗೆ ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ. ಆದರೂ ಮೇಲೆ ಗೊನೆಯೊಳಗೆ ಶುರುವಾದ ಕೊಳೆ ಕೆಳಗೆ ನಿಂತವನಿಗೆ ಕಾಣುವುದಿಲ್ಲ. ಕಾಯಿ ಉದುರಿದಾಗಲೇ ಗೊತ್ತಾಗುವುದು. ಉದುರಿದ ಕೊಳೆ ಕಾಯಿಯನ್ನು ಮರದ ಬುಡದಲ್ಲೇ ಬಿಟ್ಟರೆ ರೋಗ ಹಬ್ಬುತ್ತದೆ. ಆರಿಸಿ ತೋಟದಿಂದ ಹೊರಗೆ ಹಾಕಬೇಕು.

ಮನೆಯೊಳಗಿನ ಬೇಸರವೂ ಹಾಗೆ. ಮೇಲೆ ಕೂತವನಿಗೆ ತನ್ನ ಕೊಳೆ ಕಾಣುವುದಿಲ್ಲ. ಕೆಳಗೆ ಇರುವವರಿಗೆ ಕಾಣುತ್ತದೆ, ಯಾಕೆಂದರೆ ಉದುರುವುದು ಅವರ ತಲೆ ಮೇಲೆ. ಅದಕ್ಕೇ ಪವಾರಣೆಯಲ್ಲಿ ಹಿರಿಯರು ಮೊದಲು ಕೇಳಬೇಕು. ಗಂಡ ಹೆಂಡತಿಯನ್ನು ಕೇಳಲಿ, ಅತ್ತೆ ಸೊಸೆಯನ್ನು ಕೇಳಲಿ, ತಂದೆ ಮಗಳನ್ನು ಕೇಳಲಿ, ಬಳಗದ ಹಿರಿಯರು ಕಿರಿಯರನ್ನು ಕೇಳಲಿ.

ಒಂದು ಎಚ್ಚರಿಕೆ. ನಮ್ಮನ್ನು ಕೀಳಾಗಿ ಕಾಣುವವರ ಮುಂದೆ ಕೈಮುಗಿದು ನನ್ನ ತಪ್ಪು ಹೇಳಿ ಎಂದು ನಿಲ್ಲುವುದು ಪವಾರಣೆ ಅಲ್ಲ. ಅದನ್ನು ನಮ್ಮ ಹಿರಿಯರು ಬೇಕಾದಷ್ಟು ಮಾಡಿದ್ದಾರೆ. ಪವಾರಣೆ ನಡೆಯುವುದು ಸಂಘದಲ್ಲಿ, ಸಮಾನರ ನಡುವೆ, ಒಬ್ಬರ ಒಳಿತನ್ನು ಇನ್ನೊಬ್ಬರು ಬಯಸುವ ಕಡೆ. ಅಂಥ ಸಂಘವನ್ನು ಮೊದಲು ಮನೆಯಲ್ಲಿ ಕಟ್ಟಿದರೆ, ಹೊರಗಿನವರ ಎದುರು ತಲೆ ಎತ್ತಿ ನಿಲ್ಲುವ ಬಲ ತಾನೇ ಬರುತ್ತದೆ.

*ನೆನೆದ ಚೀವರ*

ಪವಾರಣೆಯಾದ ಮೇಲೆ ಕಾರ್ತೀಕ ಹುಣ್ಣಿಮೆವರೆಗೆ ಕಠಿಣ ಚೀವರ ದಾನದ ಕಾಲ. ಅದರ ಹಿಂದೆಯೂ ಮಳೆಯೇ ಇದೆ. ಪಾವಾದ ಮೂವತ್ತು ಭಿಕ್ಖುಗಳು ಬುದ್ಧರನ್ನು ನೋಡಲು ಶ್ರಾವಸ್ತಿಗೆ ಹೊರಟಿದ್ದರು. ದಾರಿಯಲ್ಲಿ ಸಾಕೇತದಲ್ಲೇ ವರ್ಷಾವಾಸ ಬಂತು. ಅಲ್ಲೇ ಮೂರು ತಿಂಗಳು ಕೂತು, ಪವಾರಣೆ ಮುಗಿದ ಕೂಡಲೇ ಹೊರಟರು. ಮಳೆ ಪೂರ್ತಿ ಬಿಟ್ಟಿರಲಿಲ್ಲ. ಕೆಸರು ತುಳಿದು, ಚೀವರ ನೆನೆದು, ಸುಸ್ತಾಗಿ ಬಂದು ಮುಟ್ಟಿದರು. ಆಗ ಬುದ್ಧರು ಕಠಿಣಕ್ಕೆ ಅನುಮತಿ ಕೊಟ್ಟರು. ದಾನ ಬಂದ ಬಟ್ಟೆಯನ್ನು ಭಿಕ್ಖುಗಳೆಲ್ಲ ಸೇರಿ ಕತ್ತರಿಸಿ, ಹೊಲಿದು, ಬಣ್ಣ ಹಾಕಿ, ಅದೇ ದಿನ ಮುಗಿಸಬೇಕು. ಒಬ್ಬರಿಂದ ಆಗುವ ಕೆಲಸ ಅಲ್ಲ.

ಆ ಚೀವರದ ಹೊಲಿಗೆಗೂ ಹೊಲಕ್ಕೂ ಸಂಬಂಧ ಇದೆ. ಮಗಧದ ಗದ್ದೆಗಳನ್ನು ತೋರಿಸಿ, ಈ ಬದುಗಳ ಹಾಗೆ ಚೀವರ ಹೊಲಿಯಲು ಆಗುತ್ತದೆಯೇ ಎಂದು ಬುದ್ಧರು ಆನಂದರನ್ನು ಕೇಳಿದ್ದರು. ಭಂತೇಜಿಗಳು ಹೊದ್ದಿರುವ ಚೀವರದಲ್ಲಿ ಪಟ್ಟಿ ಪಟ್ಟಿಯಾಗಿ ಕಾಣುವುದು ಗದ್ದೆಯ ಬದುಗಳೇ. ಮುಂದೆ ಯಾರಾದರೂ ಧಮ್ಮದಲ್ಲಿ ರೈತನಿಗೆ, ಕೂಲಿಯವನಿಗೆ ಏನಿದೆ ಎಂದು ಕೇಳಿದರೆ ಆ ಬದುಗಳನ್ನು ತೋರಿಸಿ.

*ಇಂದಿನ ಅಭ್ಯಾಸ*

1. ಈ ವಾರ ಬಿಸಿಲು ಸಿಕ್ಕ ದಿನ ಮನೆಯ ಹಾಸಿಗೆ, ಕಂಬಳಿ ಎಲ್ಲ ಹೊರಗೆ ಹಾಕಿ. ಇಷ್ಟು ವರ್ಷ ಆ ಕೆಲಸ ಮಾಡದವರೇ ಈ ಸಲ ಮಾಡಿ. ಪಂಚಶೀಲ ಹೇಳಿ ಶುರು ಮಾಡಿದರೆ ಇನ್ನೂ ಒಳ್ಳೆಯದು.

2. ಹುಣ್ಣಿಮೆಯ ದಿನ ಮನೆಯಲ್ಲಿ ನಿಮಗಿಂತ ಕಡಿಮೆ ಮಾತಾಡುವವರು ಯಾರೋ ಅವರ ಹತ್ತಿರ ಹೋಗಿ ಕೇಳಿ. ನಾಲ್ಕು ಜನರ ಮುಂದೆ ಬೇಡ. ಅವರ ಪಕ್ಕ, ಅವರು ಕೂತ ಕಡೆ ಕೂತು ಕೇಳಿ.

3. ಅವರು ಹೇಳಿದ್ದಕ್ಕೆ ಆ ದಿನ ಉತ್ತರ ಕೊಡಬೇಡಿ. ಕಾರಣ ಹೇಳಬೇಡಿ. ಅವರು ಏನೂ ಹೇಳದಿದ್ದರೆ ಒತ್ತಾಯ ಮಾಡಬೇಡಿ. ಒಂದು ವಾರ ಬಿಟ್ಟು ಮತ್ತೆ ಕೇಳಿ.

4. ಕೇಳಿದ್ದರಲ್ಲಿ ಒಂದನ್ನು ಕಾರ್ತೀಕ ಹುಣ್ಣಿಮೆಯೊಳಗೆ ತಿದ್ದಿಕೊಳ್ಳಿ. ಎಲ್ಲವನ್ನೂ ಅಲ್ಲ, ಒಂದನ್ನು.

ಹಾಗೇ, ಈ ಬರಹ ನಮ್ಮ ಬಳಗದ ಕಿರಿಯರಿಗೂ ತಲುಪುತ್ತದೆ. ಹಿರಿಯನೆಂದು ನಾನೇ ಮೊದಲು ಕೇಳುತ್ತಿದ್ದೇನೆ. ನನ್ನ ನಡೆಯಲ್ಲಿ, ಮಾತಿನಲ್ಲಿ ನೀವು ಕಂಡದ್ದು, ಕೇಳಿದ್ದು, ಅನುಮಾನ ಬಂದದ್ದು ಏನಿದ್ದರೂ ಭಾನುವಾರ ಬಂದು ಹೇಳಿ. ಎದುರು ಮಾತಾಡಲ್ಲ.

ಚಿತ್ತೆ ಮಳೆ ಬರುವ ಮೊದಲು ಕಂಬಳಿ ಒಳಗೆ ತರಬೇಕು. ಏಳುತ್ತೇನೆ.

ಎಲ್ಲರಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು.
*ನಮೋ ಬುದ್ಧಾಯ. ಜೈ ಭೀಮ್.*

(ಇಷ್ಟವಾದರೆ ನಿಮ್ಮ ಊರಿನ ಧಮ್ಮ ಬಂಧುಗಳಿಗೂ ಕಳಿಸಿ. ಮನೆಯಲ್ಲಿ ಓದು ಬಾರದ ಹಿರಿಯರಿದ್ದರೆ ಅವರಿಗೆ ಗಟ್ಟಿಯಾಗಿ ಓದಿ ಹೇಳಿ.)